ಕಲ್ಲುನೆಲದ ಮೀನು ಮತ್ತು ಕಡಲ ನಕಾಶೆ: ನೈಋತ್ಯ ಕರಾವಳಿಯ ಮೀನುನೆಲೆಗಳನ್ನು ಗುರುತಿಸಿದ ಬಗೆಯ ಚಾರಿತ್ರಿಕ ಅವಲೋಕನ

ಕರಾವಳಿ ಕರ್ನಾಟಕದ ಇತಿಹಾಸವನ್ನು ಕುರಿತ ಬರವಣಿಗೆ ಬಂದರುಗಳು, ಮೆಣಸು–ಅಕ್ಕಿಯ ವ್ಯಾಪಾರ ಹಾಗೂ ನೌಕಾಬಲದ ಸುತ್ತ ಹೆಚ್ಚಾಗಿ ಬೆಳೆದಿದೆ. ಮೀನುಗಾರ ಸಮುದಾಯಗಳ ಬಗೆಗೂ ಗಮನಾರ್ಹ ಅಧ್ಯಯನಗಳು ನಡೆದಿವೆ. ಆದರೆ ಆ ಸಮುದಾಯಗಳು ದುಡಿದ ಕ್ಷೇತ್ರ, ಅಂದರೆ ಕಡಲಿನ ತಳ, ಚರಿತ್ರೆಯ ವಸ್ತುವಾಗಿ ಪರಿಗಣಿತವಾದದ್ದು ವಿರಳ. ಹೊಲಕ್ಕೆ ಸರ್ವೆ ನಂಬರು, ಕಡತ, ಕೈಫಿಯತ್ತುಗಳಿವೆ. ಕಡಲಿನ ಹೊಲಕ್ಕೆ ಅಂಥ ದಾಖಲೆಗಳಿಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವವಾಗಿ ಕಡಲಿಗೂ ಸರ್ವೆ ನಡೆದಿದೆ, ಚೌಕಗಳನ್ನು ಎಳೆಯಲಾಗಿದೆ, ಗಡಿಗಳನ್ನು ಹಾಕಲಾಗಿದೆ. ವಾಣಿಜ್ಯ ಮಹತ್ವದ ಕಲ್ಲುನೆಲದ ಮೀನುಗಳು ಎಲ್ಲಿ ದಟ್ಟವಾಗಿ ಸಿಗುತ್ತವೆ ಎಂಬುದನ್ನು ಕಾರವಾರದಿಂದ ಕನ್ಯಾಕುಮಾರಿಯವರೆಗಿನ ಕಡಲಿನಲ್ಲಿ ಯಾರು, ಯಾವ ಸಾಧನದಿಂದ, ಯಾವ ಉದ್ದೇಶಕ್ಕಾಗಿ ಗುರುತಿಸಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಲ್ಲುನೆಲದ ಮೀನುಗಳೆಂದರೆ ಮುಖ್ಯವಾಗಿ ನಮ್ಮ ಕರಾವಳಿಯಲ್ಲಿ ಮುರು ಎಂದು ಕರೆಯುವ ಜಾತಿಗಳು ಮತ್ತು ಕೆಂಬೇರಿಯ ಜಾತಿಗಳು. ಮಲಯಾಳದಲ್ಲಿ ಇವು ಕ್ರಮವಾಗಿ ಕಲವ ಮತ್ತು ಚೆಂಪಲ್ಲಿ. ಬಂಗುಡೆ, ಭೂತಾಯಿಗಳಂತೆ ಇವು ಹಿಂಡುಹಿಂಡಾಗಿ ಮೇಲ್ನೀರಿನಲ್ಲಿ ಸಂಚರಿಸುವುದಿಲ್ಲ. ಬಂಡೆಯ ಸಂದು, ಹವಳದ ದಿಬ್ಬ, ತಳದ ಏರುತಗ್ಗುಗಳನ್ನು ಆಶ್ರಯಿಸಿ ಬದುಕುತ್ತವೆ. ಆದುದರಿಂದ ಅವುಗಳ ನೆಲೆ ಸ್ಥಿರ. ನೆಲೆ ತಿಳಿದವನಿಗೆ ಮೀನು ಸಿಗುತ್ತದೆ, ತಿಳಿಯದವನಿಗೆ ಸಿಗುವುದಿಲ್ಲ. ಈ ಮೀನುಗಾರಿಕೆಯಲ್ಲಿ ನೆಲೆಯ ಜ್ಞಾನವೇ ಬಂಡವಾಳ. ಹೀಗಾಗಿ ನಕಾಶೆಯ ಪ್ರಶ್ನೆ ಬೇರೆ ಯಾವ ಮೀನುಗಾರಿಕೆಗಿಂತಲೂ ಇಲ್ಲಿ ಹೆಚ್ಚು ತೀಕ್ಷ್ಣವಾದುದು.

ನಾವಿಕರ ನಕಾಶೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಹಾರ್ಸ್‌ಬರ್ಗ್ ಸಿದ್ಧಪಡಿಸಿದ ನೌಕಾಯಾನದ ಕೈಪಿಡಿಯೂ ಅನಂತರದ ಬ್ರಿಟಿಷ್ ನೌಕಾ ಇಲಾಖೆಯ ನಕಾಶೆಗಳೂ ಪಶ್ಚಿಮ ಕರಾವಳಿಯ ಕಡಲತಳದ ಬಗೆಗಿನ ಮೊದಲ ವ್ಯವಸ್ಥಿತ ಮುದ್ರಿತ ಆಕರಗಳಲ್ಲಿ ಸೇರುತ್ತವೆ. ಅಡಿಯಲ್ಲಿ ಕೊಬ್ಬು ಸವರಿದ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಎಷ್ಟು ಮಾರು ಆಳವೆಂದು ಅಳೆಯುವುದು, ಕೊಬ್ಬಿಗೆ ಅಂಟಿಕೊಂಡು ಬಂದ ಕೆಸರು, ಮರಳು, ಚಿಪ್ಪುಗಳನ್ನು ನೋಡಿ ತಳದ ಸ್ವರೂಪವನ್ನು ನಿರ್ಧರಿಸುವುದು ಅಂದಿನ ಕ್ರಮ. ನಕಾಶೆಯ ಮೇಲೆ ಕೆಸರು, ಮರಳು, ಕಲ್ಲು, ಹವಳಗಳಿಗೆ ಪ್ರತ್ಯೇಕ ಸಂಕ್ಷೇಪಾಕ್ಷರಗಳಿದ್ದವು.

ಈ ನಕಾಶೆಗಳ ದೃಷ್ಟಿಯಲ್ಲಿ ಕಲ್ಲುನೆಲವೆಂದರೆ ಅಪಾಯದ ಸ್ಥಳ. ಲಂಗರು ಸಿಕ್ಕಿಹಾಕಿಕೊಳ್ಳುವ, ಹಡಗಿನ ತಳ ಒಡೆಯುವ ಜಾಗವಾಗಿ ಅದನ್ನು ಗುರುತಿಸಲಾಯಿತು. ಮುರುಡೇಶ್ವರದ ಎದುರಿನ ನೇತ್ರಾಣಿ ಇಂಗ್ಲಿಷ್ ನಕಾಶೆಗಳಲ್ಲಿ ಪಾರಿವಾಳದ ದ್ವೀಪವೆಂಬ ಅರ್ಥದ ಹೆಸರಿನಿಂದ ಕಾಣಿಸಿಕೊಂಡದ್ದು ನಾವಿಕನ ಕಣ್ಣಿನ ಗುರುತಾಗಿ. ಅದರ ಬುಡದ ಹವಳ, ಬಂಡೆಗಳಲ್ಲಿ ನೆಲಸಿದ ಮೀನಿಗೆ ಆ ನಕಾಶೆಯಲ್ಲಿ ಸ್ಥಾನವಿರಲಿಲ್ಲ. ಇತ್ತ ಮೀನನ್ನೇ ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ ಅವರ 1865ರ ಮಲಬಾರಿನ ಮೀನುಗಳ ಗ್ರಂಥ ಹಾಗೂ 1875–78ರ ಭಾರತದ ಮೀನುಗಳ ಗ್ರಂಥಗಳು ಜಾತಿಗಳ ವಿವರಣೆಗೆ ಆಧಾರಗ್ರಂಥಗಳಾದರೂ, ಕಡಲಿನೊಳಗೆ ಆ ಮೀನು ಸಿಕ್ಕ ತಾಣವನ್ನು ಗುರುತಿಸುವುದು ಅವುಗಳ ಉದ್ದೇಶವಾಗಿರಲಿಲ್ಲ. ಹೀಗೆ ತಳದ ಜ್ಞಾನ ಒಂದು ಕಡೆ, ಮೀನಿನ ಜ್ಞಾನ ಇನ್ನೊಂದು ಕಡೆ ಬೇರೆಬೇರೆಯಾಗಿಯೇ ಮುದ್ರಣಗೊಂಡವು.

ಮೀನುಗಾರರ ಗುರುತು

ಇವೆರಡೂ ಒಂದಾಗಿದ್ದದ್ದು ಗಾಳ ಹಾಕುವ ಮೀನುಗಾರನ ನೆನಪಿನಲ್ಲಿ. ದಡದ ಮೇಲಿನ ಎರಡು ಗುರುತುಗಳು, ಉದಾಹರಣೆಗೆ ಒಂದು ಮರ ಮತ್ತು ಅದರ ಹಿಂದಿನ ಗುಡ್ಡದ ತುದಿ, ಒಂದೇ ಸಾಲಿಗೆ ಬರುವಂತೆ ದೋಣಿಯನ್ನು ನಡೆಸುವುದು. ಮತ್ತೊಂದು ದಿಕ್ಕಿನಲ್ಲಿ ಇನ್ನೆರಡು ಗುರುತುಗಳು ಒಂದಾಗುವವರೆಗೆ ಆ ಸಾಲಿನಲ್ಲೇ ಸಾಗುವುದು. ಎರಡು ಸಾಲುಗಳು ಕೂಡಿದಲ್ಲಿ ಗಾಳ ಇಳಿಬಿಡುವುದು. ತಿರುವನಂತಪುರ ಮತ್ತು ಕನ್ಯಾಕುಮಾರಿ ತೀರದ ಗಾಳದ ಮೀನುಗಾರರಲ್ಲಿ ಈ ಪದ್ಧತಿ ವಿಶೇಷವಾಗಿ ಬೆಳೆದಿತ್ತು. ಆಧುನಿಕ ಭೂಮಾಪನದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಎರಡು ರೇಖೆಗಳ ಛೇದನದಿಂದ ಸ್ಥಾನವನ್ನು ನಿರ್ಧರಿಸುವ ಕ್ರಮವೇ ಆಗಿದೆ.

ಭಾಷೆಯಲ್ಲಿಯೂ ಈ ಜ್ಞಾನದ ಕುರುಹುಗಳಿವೆ. ಕನ್ನಡದ ಪಾರೆ, ತುಳುವಿನ ಪಾದೆ, ಮಲಯಾಳದ ಪಾರ, ತಮಿಳಿನ ಪಾರೈ ಎಂಬ ಮಾತುಗಳು ಬಂಡೆಯನ್ನು ಸೂಚಿಸುತ್ತವೆ. ಮನ್ನಾರ್ ಕೊಲ್ಲಿಯ ಮುತ್ತಿನ ನೆಲೆಗಳನ್ನು ‘ಪಾರ್’ ಎಂದೇ ಕರೆಯಲಾಗುತ್ತಿತ್ತು. ಒಂದೊಂದು ಪಾರಿಗೂ ಪ್ರತ್ಯೇಕ ಹೆಸರಿತ್ತು. ನೆಲದ ಮೇಲಿನ ಬಂಡೆಗೆ ಇದ್ದ ಶಬ್ದವೇ ನೀರಿನಡಿಯ ದಿಬ್ಬಕ್ಕೂ ಸಂದಿತು, ಹೆಸರಿಟ್ಟ ದಿಬ್ಬ ಗುರುತಿಸಬಲ್ಲ ಸ್ಥಳವಾಯಿತು ಎಂಬುದು ಇದರಿಂದ ಸ್ಪಷ್ಟ. ಕನ್ನಡ ಕರಾವಳಿಯಲ್ಲಿ ಮೊಗವೀರ, ಖಾರ್ವಿ, ಹರಿಕಂತ್ರ ಮೊದಲಾದ ಸಮುದಾಯಗಳ ದೊಡ್ಡ ದುಡಿಮೆ ರಂಪಣಿ ಬಲೆಯ ಸುತ್ತ, ಬಂಗುಡೆ–ಭೂತಾಯಿಗಳ ಸುತ್ತ ಕೇಂದ್ರೀಕೃತವಾಗಿದ್ದುದರಿಂದ, ಗಾಳದ ಮೀನುಗಾರಿಕೆಯ ನೆಲೆಗಳ ಸಂಗತಿ ಬರವಣಿಗೆಯಲ್ಲಿ ಹಿನ್ನೆಲೆಗೆ ಸರಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಸರ್ಕಾರ ತೆರೆದ ಮೀನು ಉಪ್ಪುಹಾಕುವ ಕಟ್ಟೆಗಳ ಲೆಕ್ಕಪತ್ರಗಳು ಮೀನಿನ ಪ್ರಮಾಣದ ಬಗೆಗೆ ಸರ್ಕಾರಿ ಅಂಕಿಗಳನ್ನು ಒದಗಿಸಿದವು. ಆದರೆ ಅವು ದಡದ ಅಂಕಿಗಳು. ಮೀನು ಎಲ್ಲಿ ಉಪ್ಪು ಕಂಡಿತು ಎಂದು ಹೇಳುತ್ತವೆಯೇ ಹೊರತು ಎಲ್ಲಿ ಗಾಳಕ್ಕೆ ಸಿಕ್ಕಿತು ಎಂದು ಹೇಳುವುದಿಲ್ಲ. ಈ ಮಿತಿ ಮುಂದೆಯೂ ಬಹುಕಾಲ ಉಳಿಯಿತು ಎಂಬುದನ್ನು ಕೆಳಗೆ ನೋಡಬಹುದು.

ಸರ್ವೆ ಹಡಗುಗಳ ಕಾಲ

ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಉಗಿಯಂತ್ರದ ಟ್ರಾಲರುಗಳ ಮೂಲಕ ಮೀನುನೆಲೆಗಳನ್ನು ಅರಸುವ ಪ್ರಯತ್ನಗಳು ನಡೆದವು. ಬಂಗಾಳದಲ್ಲಿ 1908–09ರಲ್ಲಿ ‘ಗೋಲ್ಡನ್ ಕ್ರೌನ್’, ಸಿಂಹಳದಲ್ಲಿ 1920ರ ದಶಕದ ಆರಂಭದಲ್ಲಿ ‘ಲಿಲ್ಲಾ’, ಮುಂಬಯಿಯಲ್ಲಿ 1921–22ರಲ್ಲಿ ‘ವಿಲಿಯಂ ಕ್ಯಾರಿಕ್’, ಮದರಾಸಿನಲ್ಲಿ 1927ರಿಂದ ‘ಲೇಡಿ ಗೋಷನ್’ ಎಂಬ ಹಡಗುಗಳು ಈ ಕೆಲಸದಲ್ಲಿ ತೊಡಗಿದವು. ಮದರಾಸಿನ ಮೀನುಗಾರಿಕಾ ಇಲಾಖೆಗೆ ಫ್ರೆಡರಿಕ್ ನಿಕಲ್ಸನ್ ಅಡಿಪಾಯ ಹಾಕಿದರೆ, ಜೇಮ್ಸ್ ಹಾರ್ನೆಲ್ ಅದರ ಸಂಶೋಧನೆಯ ಪ್ರಕಟಣೆಗಳಿಗೆ ಘನತೆ ತಂದುಕೊಟ್ಟರು.

ಇಲ್ಲಿ ಕರ್ನಾಟಕದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿಯೊಂದಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಅಧಿಪತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಇದರ ಫಲವಾಗಿ ಕಾರವಾರದ ಕಡಲಿನ ದಾಖಲೆಗಳು ಒಂದು ಆಡಳಿತದ ಕಡತಗಳಲ್ಲಿ, ಮಂಗಳೂರಿನ ಕಡಲಿನ ದಾಖಲೆಗಳು ಇನ್ನೊಂದರ ಕಡತಗಳಲ್ಲಿ ಸೇರಿದವು. ಮೀನಿಗೆ ಈ ಗಡಿ ತಿಳಿಯದಿದ್ದರೂ ನಕಾಶೆ ಮಾಡುವವರಿಗೆ ತಿಳಿದಿತ್ತು. ಕನ್ನಡ ಕರಾವಳಿಯ ಕಡಲತಳವನ್ನು ಅಖಂಡವಾಗಿ ನೋಡುವ ಪ್ರಯತ್ನ ತಡವಾದುದಕ್ಕೆ ಈ ವಿಭಜನೆಯೂ ಒಂದು ಕಾರಣವೆಂದು ಭಾವಿಸಬಹುದು.

ಇನ್ನೂ ಮುಖ್ಯವಾದ ಮಿತಿ ಸಾಧನಕ್ಕೆ ಸಂಬಂಧಿಸಿದ್ದು. ಟ್ರಾಲ್ ಬಲೆಯನ್ನು ಕಡಲತಳಕ್ಕೆ ತಾಗಿಸಿ ಎಳೆಯಬೇಕು. ಮರಳು, ಕೆಸರಿನ ಮೇಲೆ ಅದು ಸರಾಗವಾಗಿ ಸಾಗುತ್ತದೆ. ಬಂಡೆಗೆ ಸಿಕ್ಕಿದರೆ ಹರಿಯುತ್ತದೆ. ಆದ್ದರಿಂದ ಟ್ರಾಲ್ ಸರ್ವೆಯ ಪರಿಭಾಷೆಯಲ್ಲಿ ಕಲ್ಲುನೆಲಕ್ಕೆ ‘ಕೆಟ್ಟ ನೆಲ’ ಎಂಬ ಹೆಸರು ಬಂದಿತು. ಬಲೆ ಹರಿದ ಸ್ಥಳವನ್ನು ಮುಂದಿನವರು ದೂರವಿಡಲೆಂದು ಗುರುತಿಸಲಾಗುತ್ತಿತ್ತು. ಗಾಳದ ಮೀನುಗಾರನಿಗೆ ಮೀನಿನ ಮನೆಯಾಗಿದ್ದ ತಾಣವೇ ಟ್ರಾಲರಿನ ದಾಖಲೆಯಲ್ಲಿ ನಿರುಪಯುಕ್ತ ಸ್ಥಳವಾಯಿತು. ಈ ಸರ್ವೆಗಳ ಫಲಿತಾಂಶವನ್ನು ನಕಾಶೆಗೆ ಇಳಿಸಿದಾಗ ಕಲ್ಲುನೆಲವು ಮೀನಿಲ್ಲದ ಖಾಲಿ ಜಾಗದಂತೆ ಕಾಣುವುದು ಅನಿವಾರ್ಯ. ಸಂಶೋಧಕರು ಇಂಥ ಖಾಲಿ ಜಾಗಗಳನ್ನು ಮೀನಿನ ಅಭಾವವೆಂದು ಓದಬಾರದು; ಬಲೆ ಇಳಿಸದ ಕಡೆ ಬಲೆ ಏನನ್ನೂ ಹೇಳಲಾರದು.

ವಾಡ್ಜ್ ಬ್ಯಾಂಕ್: ನೆಲೆಯಿಂದ ಗಡಿಗೆ

ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ಈ ಚರಿತ್ರೆಯ ಅತ್ಯಂತ ಸ್ಪಷ್ಟ ನಿದರ್ಶನ. ಖಂಡಾವರಣ ಪ್ರದೇಶದ ಈ ವಿಶಾಲ ದಿಬ್ಬದಲ್ಲಿ ಮರಳು ಮತ್ತು ಬಂಡೆಗಳು ಬೆರೆತಿರುವುದರಿಂದ ಟ್ರಾಲರಿಗೂ ಗಾಳಕ್ಕೂ ಅಲ್ಲಿ ಅವಕಾಶವಿದೆ. ‘ಲಿಲ್ಲಾ’ ಹಡಗಿನ ಶೋಧನೆಯ ಕಾಲದಲ್ಲಿ ಸಿಂಹಳದ ಸಂಶೋಧಕರಾದ ಜೋಸೆಫ್ ಪಿಯರ್ಸನ್ ಮತ್ತು ಎ. ಎಚ್. ಮಾಲ್ಪಾಸ್ ಈ ಪ್ರದೇಶದ ವಾಣಿಜ್ಯ ಮಹತ್ವವನ್ನು ಗುರುತಿಸಿದರು. ಮುಂದೆ ಕೊಲಂಬೊದಿಂದ ಟ್ರಾಲರುಗಳು ಇಲ್ಲಿಗೆ ಬರತೊಡಗಿದವು. ಎರಡನೆಯ ಮಹಾಯುದ್ಧದ ಅನಂತರ ಸಿಂಹಳ ಸರ್ಕಾರದ ‘ಬ್ರಾಕಾನ್‌ಗ್ಲೆನ್’, ‘ಮೇಪಲ್ ಲೀಫ್’ ಮುಂತಾದ ಹಡಗುಗಳು ದುಡಿದವು. 1950ರ ದಶಕದಲ್ಲಿ ಶಿವಲಿಂಗಂ ಮತ್ತು ಮೆಡ್ಕಾಫ್ ಈ ಟ್ರಾಲರುಗಳ ಮೀನುಗಾರಿಕೆಯನ್ನು ವಿಶ್ಲೇಷಿಸಿ, ವಾಡ್ಜ್ ಬ್ಯಾಂಕಿನ ಉತ್ಪಾದಕತೆಯ ಬಗ್ಗೆ ಬರೆದರು.

ಈ ಬಗೆಯ ವಿಶ್ಲೇಷಣೆಗೆ ಆಧಾರ ಹಡಗಿನ ದಿನಚರಿ. ಯಾವ ದಿನ, ಎಷ್ಟು ಗಂಟೆ ಬಲೆ ಎಳೆಯಲಾಯಿತು, ಎಷ್ಟು ಮೀನು ಸಿಕ್ಕಿತು ಎಂಬುದನ್ನು ಅಲ್ಲಿ ನಮೂದಿಸಲಾಗುತ್ತದೆ. ಒಟ್ಟು ಪ್ರಮಾಣವನ್ನು ದುಡಿದ ಗಂಟೆಗಳಿಂದ ಭಾಗಿಸಿದಾಗ ಮಾತ್ರ ಒಂದು ನೆಲೆಯನ್ನು ಇನ್ನೊಂದರೊಡನೆ ಹೋಲಿಸಲು ಸಾಧ್ಯ. ಹಾಗಲ್ಲದೆ ಒಟ್ಟು ತೂಕವನ್ನಷ್ಟೇ ನಕಾಶೆಯಲ್ಲಿ ತುಂಬಿದರೆ, ಬಂದರಿಗೆ ಹತ್ತಿರವಿದ್ದು ಹೆಚ್ಚು ದೋಣಿಗಳು ಸೇರುವ ಸಾಧಾರಣ ನೆಲೆ ಶ್ರೇಷ್ಠವಾಗಿ ಕಾಣುತ್ತದೆ.

ಗುರುತಿಸಿದ ನೆಲೆ ಕಾಲಕ್ರಮದಲ್ಲಿ ರಾಜ್ಯಾಧಿಕಾರದ ವಿಷಯವಾಯಿತು. 1976ರ ಮಾರ್ಚ್ 23ರಂದು ಭಾರತ ಮತ್ತು ಶ್ರೀಲಂಕಾ ದೇಶಗಳು ಮನ್ನಾರ್ ಕೊಲ್ಲಿ ಹಾಗೂ ಬಂಗಾಳ ಕೊಲ್ಲಿಯ ಕಡಲ ಗಡಿಯ ಒಪ್ಪಂದಕ್ಕೆ ಸಹಿ ಮಾಡಿದವು. ಅದರೊಂದಿಗೆ ವಿನಿಮಯವಾದ ಪತ್ರಗಳಂತೆ ವಾಡ್ಜ್ ಬ್ಯಾಂಕಿನ ಮೇಲೆ ಭಾರತದ ಸಾರ್ವಭೌಮ ಹಕ್ಕುಗಳು ಮಾನ್ಯವಾದವು. ಭಾರತವು ಅನನ್ಯ ಆರ್ಥಿಕ ವಲಯವನ್ನು ಸ್ಥಾಪಿಸಿದ ದಿನದಿಂದ ಮೂರು ವರ್ಷಗಳ ಕಾಲ, ಪರವಾನಗಿ ಪಡೆದ ಗರಿಷ್ಠ 6 ಶ್ರೀಲಂಕಾ ಹಡಗುಗಳು ವರ್ಷಕ್ಕೆ 2,000 ಟನ್ ಮೀರದಂತೆ ಅಲ್ಲಿ ಮೀನು ಹಿಡಿಯಲು ಅವಕಾಶ ನೀಡಲಾಯಿತು. ಭಾರತದ ವಲಯ 1977ರ ಜನವರಿ 15ರಿಂದ ಜಾರಿಗೆ ಬಂದಿತು. ಅರ್ಧ ಶತಮಾನದ ಹಿಂದೆ ಸರ್ವೆ ಹಡಗೊಂದು ಗುರುತಿಸಿದ ಮೀನಿನ ದಟ್ಟಣೆ ಹೀಗೆ ಹಡಗುಗಳ ಸಂಖ್ಯೆ ಮತ್ತು ಟನ್ನುಗಳ ಲೆಕ್ಕದಲ್ಲಿ ಎರಡು ದೇಶಗಳ ನಡುವಣ ವ್ಯವಹಾರದ ವಸ್ತುವಾಯಿತು.

ಚೌಕಗಳು ಮತ್ತು ಕಲವ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಮುಂಬಯಿಯಲ್ಲಿ ಆಳಸಮುದ್ರ ಮೀನುಗಾರಿಕಾ ಕೇಂದ್ರ ಆರಂಭವಾಯಿತು. ಇದೇ ಸಂಸ್ಥೆ ಬೆಳೆದು 1983ರಲ್ಲಿ ಭಾರತೀಯ ಮೀನುಗಾರಿಕಾ ಸರ್ವೇಕ್ಷಣ ಸಂಸ್ಥೆಯಾಯಿತು. ಅನ್ವೇಷಕ ಹಡಗುಗಳ ಫಲಿತಾಂಶಗಳನ್ನು ದಾಖಲಿಸಲು ಕಡಲನ್ನು ಅಕ್ಷಾಂಶ–ರೇಖಾಂಶಗಳ ಒಂದೊಂದು ಡಿಗ್ರಿಯ ಚೌಕಗಳಾಗಿಯೂ, ಪ್ರತಿ ಚೌಕವನ್ನು ಹತ್ತು ಮಿನಿಟುಗಳ 36 ಕಿರುಚೌಕಗಳಾಗಿಯೂ ವಿಂಗಡಿಸಲಾಯಿತು. ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಹಡಗುಗಳ ಅಂಕಿಗಳನ್ನು ಒಟ್ಟಿಗೆ ನೋಡಲು ಈ ವ್ಯವಸ್ಥೆ ಅನುವು ಮಾಡಿಕೊಟ್ಟಿತು. ಆದರೆ ನಮ್ಮ ಅಕ್ಷಾಂಶಗಳಲ್ಲಿ ಇಂಥ ಒಂದು ಕಿರುಚೌಕದ ವಿಸ್ತಾರವೇ ಸುಮಾರು 330ರಿಂದ 340 ಚದರ ಕಿಲೋಮೀಟರು. ಅದರೊಳಗೆ ಕೆಲವು ನೂರು ಮೀಟರುಗಳ ಕಲ್ಲುದಿಬ್ಬವೊಂದಿದ್ದರೆ, ಇಡೀ ಚೌಕದ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಮೀನುಗಾರನ ಎರಡು ಸಾಲುಗಳ ಛೇದನ ದಿಬ್ಬದ ನೆತ್ತಿಯನ್ನೇ ಮುಟ್ಟುತ್ತಿತ್ತು. ಇಲಾಖೆಯ ಚೌಕ ದಿಬ್ಬವಿರುವ ಸೀಮೆಯನ್ನು ಮಾತ್ರ ತೋರಿಸಬಲ್ಲದಾಗಿತ್ತು.

1952ರ ಅಕ್ಟೋಬರಿನಲ್ಲಿ ಸಹಿಯಾದ ಒಪ್ಪಂದದಂತೆ ಕೊಲ್ಲಂ ಸಮೀಪದ ನೀಂಡಕರ–ಶಕ್ತಿಕುಳಂಗರದಲ್ಲಿ ಇಂಡೋ–ನಾರ್ವೇಜಿಯನ್ ಯೋಜನೆ ಕಾಲೂರಿತು. 1963ರಲ್ಲಿ ಯೋಜನೆಯ ಕೇಂದ್ರ ಎರ್ನಾಕುಲಂಗೆ ಬಂದು, ಕಣ್ಣೂರು, ಮಂಡಪಂಗಳ ಜೊತೆಗೆ ಅಂದಿನ ಮೈಸೂರು ರಾಜ್ಯದ ಕಾರವಾರಕ್ಕೂ ಕಾರ್ಯಕ್ಷೇತ್ರ ವಿಸ್ತರಿಸಿತು. ಈ ಯೋಜನೆಯ ಸಂಶೋಧನ ದೋಣಿಗಳಲ್ಲೊಂದರ ಹೆಸರೇ ‘ಕಲವ’. ಅದರ ಅನಂತರ ಬಂದ ‘ವರುಣ’ ಎಂಬ ಹಡಗಿನ ಅನ್ವೇಷಣೆಗಳನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಇ. ಜಿ. ಸೈಲಸ್ 1969ರಲ್ಲಿ ಪ್ರಕಟಿಸಿದರು. ಕೈಗಾಳದ ಬಳಕೆಯಿಂದ ಖಂಡಾವರಣದ ಹೊರ ಅಂಚಿನ ಕಲ್ಲುನೆಲಗಳಲ್ಲಿ ಕಲವದ ಸಂಪತ್ತು ಬೆಳಕಿಗೆ ಬಂದದ್ದು ಈ ಘಟ್ಟದ ಕೊಡುಗೆ. ಟ್ರಾಲ್ ಬಲೆಯ ನಕಾಶೆಯಲ್ಲಿ ಖಾಲಿಯಾಗಿದ್ದ ಜಾಗಗಳು ಗಾಳದ ನಕಾಶೆಯಲ್ಲಿ ತುಂಬಿಕೊಂಡವು. ಸಾಧನ ಬದಲಾದಾಗ ನಕಾಶೆಯೂ ಬದಲಾಯಿತು.

ಆದರೂ ಹಣದ ಹರಿವು ಬೇರೆ ದಿಕ್ಕಿನಲ್ಲಿತ್ತು. 1950ರ ದಶಕದಲ್ಲಿ ಶೀತಲೀಕೃತ ಸಿಗಡಿಯ ರಫ್ತು ಆರಂಭವಾದ ಮೇಲೆ ಯಾಂತ್ರಿಕ ದೋಣಿಗಳ ಗಮನ ಸಿಗಡಿ ಸಿಗುವ ಕೆಸರು ನೆಲದ ಕಡೆಗೆ ಹೊರಳಿತು. ಕಲ್ಲುನೆಲ ಬಹುಮಟ್ಟಿಗೆ ಗಾಳದವರ ಪಾಲಿಗೆ ಉಳಿಯಿತು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಭಾಗದ ಮೀನುಗಾರರು ಕೊಚ್ಚಿಯಂಥ ಬಂದರುಗಳನ್ನು ನೆಲೆಯಾಗಿಸಿಕೊಂಡು ಪಶ್ಚಿಮ ಕರಾವಳಿಯ ಉದ್ದಕ್ಕೂ ಗಾಳದೊಂದಿಗೆ ಸಂಚರಿಸಿದರು. 1980ರ ದಶಕದಲ್ಲಿ ತಿರುವನಂತಪುರ ತೀರದ ಮೀನುಗಾರರು ತಾವೇ ಕೃತಕ ದಿಬ್ಬಗಳನ್ನು ಕಡಲಿಗಿಳಿಸಿ ಹೊಸ ನೆಲೆಗಳನ್ನು ನಿರ್ಮಿಸಿಕೊಂಡದ್ದೂ ಇದೇ ಪರಂಪರೆಗೆ ಸೇರಿದ ಸಂಗತಿ.

ಇಳಿದ ಸ್ಥಳ ಮತ್ತು ಹಿಡಿದ ಸ್ಥಳ

1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನ ಸಂಸ್ಥೆ ರೂಪಿಸಿದ ಮಾದರಿ ಸಮೀಕ್ಷೆಯ ಕ್ರಮವು ದೇಶದ ಕಡಲಮೀನಿನ ಅಂಕಿಅಂಶಗಳಿಗೆ ಬೆನ್ನೆಲುಬಾಯಿತು. ಆಯ್ದ ಇಳಿದಾಣಗಳಲ್ಲಿ, ಆಯ್ದ ದಿನಗಳಲ್ಲಿ, ಆಯ್ದ ದೋಣಿಗಳ ಮೀನನ್ನು ಜಾತಿವಾರು ಎಣಿಸಿ ಒಟ್ಟು ಅಂದಾಜನ್ನು ಕಟ್ಟುವ ಈ ಕ್ರಮದ ಶಾಸ್ತ್ರೀಯತೆ ನಿರ್ವಿವಾದ. ಆದರೆ ಅದರ ಘಟಕ ಇಳಿದಾಣ. ಕಾರವಾರದ ಹೊರಗಿನ ಕಲ್ಲುನೆಲದಲ್ಲಿ ಸಿಕ್ಕ ಮುರು ಕೊಚ್ಚಿಯಲ್ಲಿ ಇಳಿದರೆ ಅದು ಕೇರಳದ ಮೀನಾಗಿ ದಾಖಲಾಗುತ್ತದೆ. ಹಲವು ದಿನ ಕಡಲಿನಲ್ಲೇ ಉಳಿಯುವ ಟ್ರಾಲರುಗಳು ಬಂದ ಮೇಲೆ ಇಳಿದ ಸ್ಥಳಕ್ಕೂ ಹಿಡಿದ ಸ್ಥಳಕ್ಕೂ ನಡುವಿನ ಅಂತರ ಇನ್ನಷ್ಟು ಹಿಗ್ಗಿತು. ಉಪ್ಪಿನ ಕಟ್ಟೆಗಳ ಕಾಲದ ಮಿತಿ ಹೊಸ ರೂಪದಲ್ಲಿ ಮುಂದುವರಿಯಿತೆಂದೇ ಹೇಳಬೇಕು.

ಈ ಕೊರತೆಯನ್ನು ತುಂಬುವ ಯತ್ನದಲ್ಲಿ ಮಂಗಳೂರಿಗೆ ವಿಶಿಷ್ಟ ಸ್ಥಾನವಿದೆ. ಸಂಸ್ಥೆಯ ಮಂಗಳೂರು ಕೇಂದ್ರದ ಸಂಶೋಧಕರು ಟ್ರಾಲರುಗಳ ಸಹಕಾರದಿಂದ ಬಲೆ ಎಳೆದ ಸ್ಥಾನ, ಆಳ ಮತ್ತು ಸಿಕ್ಕ ಮೀನಿನ ವಿವರಗಳನ್ನು ಉಪಗ್ರಹ ಆಧಾರಿತ ಸ್ಥಾನಸೂಚಿಯ ನೆರವಿನಿಂದ ಸಂಗ್ರಹಿಸಿ, ಭೌಗೋಳಿಕ ಮಾಹಿತಿ ವ್ಯವಸ್ಥೆಯ ಮೂಲಕ ನಕಾಶೆಗಳನ್ನು ರಚಿಸಿದರು. 2012ರ ವೇಳೆಗೆ ಪ್ರಕಟವಾದ ಈ ಅಧ್ಯಯನಗಳ ಒಂದು ಮುಖ್ಯ ಆಶಯ ಮರಿಮೀನುಗಳು ದಟ್ಟವಾಗಿರುವ ಕಾಲ, ಸ್ಥಳಗಳನ್ನು ತಿಳಿದು ಅವುಗಳನ್ನು ಉಳಿಸುವ ದಾರಿ ಹುಡುಕುವುದಾಗಿತ್ತು. ಹೆಚ್ಚು ಹಿಡಿಯಲೆಂದು ಆರಂಭವಾದ ನಕಾಶೆಯ ಪರಂಪರೆ ಇಲ್ಲಿ ಕಡಿಮೆ ಹಿಡಿಯಬೇಕಾದ ಸ್ಥಳವನ್ನು ತೋರಿಸುವ ಕಡೆಗೆ ತಿರುಗಿದ್ದು ಮಹತ್ವದ ಪಲ್ಲಟ.

ದಟ್ಟಣೆಯ ಅಪಾಯ

ಈ ಪಲ್ಲಟದ ಅಗತ್ಯವನ್ನು ಲಕ್ಷದ್ವೀಪದ ನಿದರ್ಶನ ಮನಗಾಣಿಸುತ್ತದೆ. ಅಮಿನಿ, ಕಡಮತ್ತು, ಕಿಲ್ತಾನ್, ಚೆತ್ಲಾತ್, ಬಿತ್ರಾಗಳನ್ನೊಳಗೊಂಡ ಅಮಿನ್‌ದೀವಿ ದ್ವೀಪಗಳು 1787ರಲ್ಲಿ ಟಿಪ್ಪುಸುಲ್ತಾನನ ಆಳ್ವಿಕೆಗೆ ಒಳಪಟ್ಟು, 1799ರ ಅನಂತರ ಕಂಪನಿಯ ಕೆನರಾ ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರವರೆಗೆ ಮಂಗಳೂರಿನಿಂದಲೇ ಆಡಳಿತಕ್ಕೆ ಒಳಪಟ್ಟಿದ್ದವು. ತೆಂಗಿನ ನಾರು ಅಲ್ಲಿಂದ ಮಂಗಳೂರಿಗೆ, ಅಕ್ಕಿ ಇಲ್ಲಿಂದ ಅಲ್ಲಿಗೆ ಸಾಗುತ್ತಿತ್ತು. ಎಸ್. ಜೋನ್ಸ್ ಮತ್ತು ಎಂ. ಕುಮಾರನ್ 1980ರ ಗ್ರಂಥದಲ್ಲಿ ಈ ದ್ವೀಪಸಮೂಹದ 603 ಮೀನಿನ ಜಾತಿಗಳನ್ನು ದಾಖಲಿಸಿದರು. ದ್ವೀಪಗಳ ವಾಣಿಜ್ಯ ಮೀನುಗಾರಿಕೆ ಮುಖ್ಯವಾಗಿ ಹೊರಗಡಲಿನ ಸೂರೆಮೀನನ್ನು ಅವಲಂಬಿಸಿದ್ದರಿಂದ ಹವಳದ ದಿಬ್ಬಗಳ ಮೇಲಿನ ಒತ್ತಡ ದೀರ್ಘಕಾಲ ಕಡಿಮೆಯಿತ್ತು.

2010ರ ದಶಕದಲ್ಲಿ ಸಂಶೋಧಕರು ಲಕ್ಷದ್ವೀಪದಲ್ಲಿ ಮುರು ಬಳಗದ ಒಂದು ಜಾತಿ ಮೊಟ್ಟೆಯಿಡಲು ಅಮಾವಾಸ್ಯೆಯ ಆಸುಪಾಸಿನ ಕೆಲವೇ ದಿನ ಅಸಾಧಾರಣ ಸಾಂದ್ರತೆಯಲ್ಲಿ ಒಂದೆಡೆ ನೆರೆಯುವುದನ್ನು ಅಧ್ಯಯನ ಮಾಡಿ, 2017ರಲ್ಲಿ ಪ್ರಕಟಿಸಿದರು. ಅಂಥ ನೆರವಿಯನ್ನು ಗಾಳದವರು ಕಂಡುಕೊಂಡರೆ ಒಂದೆರಡು ದಿನಗಳಲ್ಲಿ ಅಪಾರ ಮೀನು ಸಿಗುತ್ತದೆ. ನಕಾಶೆಯಲ್ಲಿ ಆ ಬಿಂದು ಅತ್ಯಂತ ಗಾಢವಾಗಿ ಕಾಣುತ್ತದೆ. ಆದರೆ ಆ ಗಾಢತೆ ಸಮೃದ್ಧಿಯ ಸೂಚನೆಯಲ್ಲ. ವಿಸ್ತಾರವಾದ ಪ್ರದೇಶದ ಮೀನೆಲ್ಲ ಒಂದೇ ಕಡೆ ಕೂಡಿದುದರ ಫಲ. ಮುರು ಜಾತಿಗಳು ನಿಧಾನವಾಗಿ ಬೆಳೆಯುತ್ತವೆ. ಬಹುಪಾಲು ಜಾತಿಗಳು ಮೊದಲು ಹೆಣ್ಣಾಗಿದ್ದು ದೊಡ್ಡವಾದ ಮೇಲೆ ಗಂಡಾಗಿ ಮಾರ್ಪಡುತ್ತವೆ. ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಗಂಡುಗಳ ಸಂಖ್ಯೆ ಕುಸಿಯುತ್ತದೆ. ಸುತ್ತಲಿನ ಸಂತತಿ ಕ್ಷೀಣಿಸುತ್ತಿದ್ದರೂ ಉಳಿದ ಮೀನು ಅದೇ ತಾಣದಲ್ಲಿ ಕೂಡುವವರೆಗೆ ಗಾಳಕ್ಕೆ ಕೊರತೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಮೀನಿನ ದಟ್ಟಣೆಯ ನಕಾಶೆಯನ್ನು ಆಕರವಾಗಿ ಬಳಸುವ ಸಂಶೋಧಕರು ಅದನ್ನು ಯಾವ ಬಲೆ ಅಥವಾ ಗಾಳದಿಂದ, ಎಷ್ಟು ದುಡಿಮೆಯಿಂದ, ಯಾವ ಅಳತೆಯ ಚೌಕದಲ್ಲಿ ರಚಿಸಲಾಯಿತೆಂದು ಮೊದಲು ವಿಚಾರಿಸಬೇಕು. ನಾವಿಕನ ಅಪಾಯ, ಟ್ರಾಲರಿನ ಕೆಟ್ಟ ನೆಲ, ಗಾಳದವನ ಮೀನಿನ ಮನೆ ಇವು ಮೂರೂ ಒಂದೇ ದಿಬ್ಬದ ಮೂರು ಹೆಸರುಗಳು. ಎರಡನೆಯದಾಗಿ, ಇಳಿದಾಣದ ಅಂಕಿಗಳಿಂದ ಕಡಲಿನೊಳಗಣ ನೆಲೆಯನ್ನು ಊಹಿಸುವಾಗ ಎಚ್ಚರ ಅಗತ್ಯ. ಮೂರನೆಯದಾಗಿ, ನೆಲೆಯನ್ನು ಗುರುತಿಸುವ ಕಾರ್ಯ ಎಂದೂ ತಟಸ್ಥವಾಗಿರಲಿಲ್ಲ. ಗುರುತಿಸಿದ ನೆಲೆಗೆ ಹಡಗು ಬಂದಿದೆ, ಗಡಿ ಬಂದಿದೆ, ಕೆಲವೊಮ್ಮೆ ನಾಶವೂ ಬಂದಿದೆ.

ಇನ್ನೊಂದು ಕೆಲಸ ನಮ್ಮ ಕರಾವಳಿಯಲ್ಲಿ ತುರ್ತಾಗಿ ಆಗಬೇಕಾಗಿದೆ. ದಡದ ಮರ, ಗುಡ್ಡ, ಗುಡಿಗಳ ಗುರುತಿನಿಂದ ಕಡಲಿನ ಪಾದೆಗಳನ್ನು ಕಂಡುಕೊಳ್ಳುತ್ತಿದ್ದ ಹಿರಿಯ ತಾಂಡೇಲರ ತಲೆಮಾರು ಮರೆಯಾಗುತ್ತಿದೆ. ಸ್ಥಾನಸೂಚಿ ಯಂತ್ರ ಬಂದ ಮೇಲೆ ಆ ವಿದ್ಯೆಯನ್ನು ಕಲಿಯುವ ಅಗತ್ಯ ಕಿರಿಯರಿಗೆ ಉಳಿದಿಲ್ಲ. ದಡದ ಗುರುತುಗಳೂ ಕಟ್ಟಡಗಳ ನಡುವೆ ಮುಚ್ಚಿಹೋಗುತ್ತಿವೆ. ಪಾದೆಗಳ ಹೆಸರು, ಗುರುತಿನ ಸಾಲುಗಳು, ಯಾವ ಕಾಲಕ್ಕೆ ಯಾವ ಮೀನು ಎಂಬ ತಿಳಿವಳಿಕೆ ಇವನ್ನು ಆ ಹಿರಿಯರ ಸಮ್ಮತಿಯಿಂದ ಸಂಗ್ರಹಿಸಬೇಕು. ನಿಖರವಾದ ಸ್ಥಾನಗಳನ್ನು ಪ್ರಕಟಿಸುವ ಅಥವಾ ಪ್ರಕಟಿಸದಿರುವ ನಿರ್ಧಾರ ಆ ಸಮುದಾಯಗಳದ್ದೇ ಆಗಿರಬೇಕು. ತಲೆಮಾರುಗಳ ಕಾಲ ಅವರು ನೆಲೆಯನ್ನು ಗುಟ್ಟಾಗಿ ಕಾಪಾಡಿದ್ದರಿಂದಲೇ ಅದು ನಮ್ಮ ಕಾಲದವರೆಗೆ ಉಳಿದುಬಂದಿರಬಹುದು ಎಂಬುದನ್ನು ನಕಾಶೆ ಬರೆಯುವವರು ಮರೆಯಲಾಗದು.